ಕಮಲಾಪುರಕ್ಕೆ ಎಷ್ಟು ಅಕ್ಷರ?

ಮೊನ್ನೆ ಬೆಳಿಗ್ಗೆ ನಮ್ಮವರ ಡಬ್ಬಿಗೆ ರೊಟ್ಟಿ ಕಟ್ಟುತ್ತಿದ್ದೆ. 'ಸೊನ್ನೆ, ಒಂದು, ಎರಡು, ಮೂರು' ಎಂದು ಎಣಿಸಿ ಮುಚ್ಚಳ ಹಾಕಿದೆ. ಮಧ್ಯಾಹ್ನ ಅವರ ಆಫೀಸಿನಿಂದ ಫೋನು ಬಂತು.

"ಇವತ್ತ ನಾಕು ರೊಟ್ಟಿ ಯಾಕ ಕಟ್ಟೀದಿ? ದಿನಾ ಮೂರಲ್ಲೇನು? ಆಫೀಸಿಗೆ ಯಾರರೆ ಬರೋರಿದ್ರೇನು?"

"ಯಾರೂ ಇಲ್ರೀ. ಹೆಚ್ಚಿಂದು ಸೊನ್ನೆ ನಂಬರಿನ ರೊಟ್ಟಿ" ಎಂದೆ.

ಅವರು "ಸೊನ್ನೆ ನಂಬರಿಂದು ಭಾಳ ಛಲೋ ಆಗ್ಯಾದ. ದಿನಾ ಕಳಸು" ಎಂದು ಫೋನಿಟ್ಟರು.

ಸೊನ್ನೆಯಿಂದ ಎಣಿಸುವ ಈ ಚಟ ನನಗೆ ಅಂಟಿದ್ದು ಐವತ್ತು ದಾಟಿದ ಮೇಲೆ. ಈ ವಯಸ್ಸಿಗೆ ನಮ್ಮ ಓಣಿಯ ಹೆಂಗಸರಿಗೆ ಮೊಣಕಾಲು ನೋವು ಬರುತ್ತದೆ, ಬಿಪಿ ಬರುತ್ತದೆ. ನನಗೆ ಜಾವಾ ಬಂತು. ಬಂತು ಎಂದರೆ ಪೂರ್ತಿ ಬಂತು ಎಂದು ತಿಳಿಯಬೇಡಿ. ಕಂಪ್ಯೂಟರಿಗೆ ಕೆಲಸ ಹೇಳುವ ಆ ಭಾಷೆಯ ದೊಡ್ಡ ಶಾಸ್ತ್ರದಲ್ಲಿ ನನಗೆ ಬಂದದ್ದು ಎರಡೇ ಪಾಠ: ಅರೇ ಮತ್ತು ಸ್ಟ್ರಿಂಗ್. ನಾನು ಕಲಬುರಗಿಯ ಒಂದು ಹೆಣ್ಣುಮಕ್ಕಳ ಡಿಗ್ರಿ ಕಾಲೇಜಿನಲ್ಲಿ ಕನ್ನಡ ಕಲಿಸುವವಳು. ಗುಣಿತಾಕ್ಷರ, ಸಂಧಿ, ಸಮಾಸ ಎಂದು ಜೀವನ ಕಳೆದವಳು. ಅಂಥವಳು ಬಿಸಿಎ ಹುಡುಗಿಯರ ಕೊನೆಯ ಬೆಂಚಿನಲ್ಲಿ ಕೂತು ಕಂಪ್ಯೂಟರು ಕಲಿಯಲು ಕಾರಣವಾದವಳು ಇಲ್ಲೇ ಹತ್ತಿರದ ಕಮಲಾಪುರದ ನಮ್ಮ ಚಿಗವ್ವ. ಆಕೆಯ ವಿಷಯ ಹೇಳದೆ ಜಾವಾದ ವಿಷಯ ಹೇಳಲು ನನಗೆ ಬರುವುದಿಲ್ಲ.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಹೆಸರು ಪಾರ್ವತಿ. ನಾನು ಸಣ್ಣವಳಿದ್ದಾಗ ಅಪ್ಪನಿಗೆ ನಂದೂರಿನ ಒಂದು ಬೇಳೆ ಮಿಲ್ಲಿನಲ್ಲಿ ಕೆಲಸ. ಮಿಲ್ಲಿನ ಪಕ್ಕದ ಒಂದು ಕೋಣೆಯಲ್ಲಿ ನಮ್ಮ ಸಂಸಾರ. ತೊಗರಿಯ ಹೊಟ್ಟು ಗಾಳಿಯಲ್ಲಿ ತೇಲಿ ಬಂದು ಅನ್ನದ ಮೇಲೂ ಕೂರುತ್ತಿತ್ತು. ಅದು ನನಗೆ ಆಗಿಬರದೆ ಕೆಮ್ಮು ಹತ್ತಿತು. ಚಿಗವ್ವ ಬಂದು ನೋಡಿ, "ಎಂಟು ದಿನ ನನ್ನ ಹತ್ರ ಇರ್ಲಿ, ಕೆಮ್ಮು ಹೋಗ್ತದ" ಎಂದು ಕಮಲಾಪುರಕ್ಕೆ ಕರೆದೊಯ್ದಳು. ಎಂಟು ದಿನಕ್ಕೆಂದು ಹೋದ ನಾನು ಹೈಸ್ಕೂಲು ಮುಗಿಸಿಕೊಂಡೇ ಹೊರಟೆ. ಕೆಮ್ಮು ಮಾತ್ರ ಆ ಎಂಟು ದಿನದಲ್ಲೇ ಹೋಗಿತ್ತು.

ಚಿಗವ್ವ ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ "ಅಳತಿ ಕೂಡಲಿಲ್ಲ ಬಿಡ್ರಿ" ಎನ್ನುತ್ತಿದ್ದಳು. ಆಕೆ ಊರಿನ ಹೆಂಗಸರಿಗೆ ಜಂಪರು ಹೊಲಿಯುತ್ತಿದ್ದಳು. ನಮ್ಮ ಕಡೆ ರವಿಕೆಗೆ ಜಂಪರು ಎನ್ನುತ್ತಾರೆ. ಬಾಗಿಲ ಪಕ್ಕದ ಬೆಳಕಿಗೆ ಹೊಲಿಗೆ ಮಷಿನ್ ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ತುಳಿಯುತ್ತಿದ್ದಳು. ಮಷಿನ್ನಿನ ಕೆಳಗೆ ಬಿದ್ದ ಬಣ್ಣಬಣ್ಣದ ಚಿಂದಿ ಬಟ್ಟೆಯೇ ನನ್ನ ಆಟದ ಸಾಮಾನು, ಗುಂಡಿಗಳ ಡಬ್ಬಿಯೇ ನನ್ನ ಖಜಾನೆ. ಹಸಿವಾದರೆ ಗೂಟಕ್ಕೆ ತೂಗುಹಾಕಿದ ಕೆಂಪು ಬಾಳೆಗೊನೆ. ಕಮಲಾಪುರದ ಕೆಂಪು ಬಾಳೆಹಣ್ಣು ತಿಂದವರಿಗೆ ನಾನು ಅದರ ರುಚಿ ಹೇಳಬೇಕಾಗಿಲ್ಲ. ತಿನ್ನದವರಿಗೆ ಹೇಳಿದರೆ ತಿಳಿಯುವುದಿಲ್ಲ.

ನಮ್ಮ ಮನೆಗೆ ಪೇಪರು ಬರುತ್ತಿದ್ದದ್ದು ಸುದ್ದಿ ಓದಲು ಅಲ್ಲ. ಜಂಪರಿನ ಅಳತೆ ಕತ್ತರಿಸಿ ಇಟ್ಟುಕೊಳ್ಳಲು ಚಿಗವ್ವನಿಗೆ ದೊಡ್ಡ ಕಾಗದ ಬೇಕು, ಅದಕ್ಕಾಗಿ ಪೇಪರು. ಆದರೆ ಕತ್ತರಿ ಹಾಕುವ ಮೊದಲು ಒಂದು ಕೆಲಸ ಆಗಲೇಬೇಕಿತ್ತು. ಅದರಲ್ಲಿನ ಪದಬಂಧ ತುಂಬಬೇಕು. ಮಷಿನ್ನಿನ ಹಲಗೆಯ ಮೇಲೆ ಪೇಪರು ಹರಡಿ, ಕಿವಿಯ ಹಿಂದಿನ ಪೆನ್ಸಿಲು ತೆಗೆದು, ಚಿಗವ್ವ ಸುಳಿವು ಓದುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಬಾಯಿಗೆ ಬಂದದ್ದನ್ನು ಕೂಗುತ್ತಿದ್ದೆ. "ಮನಿ ಎಷ್ಟವ ನೋಡವ್ವ, ಆಮ್ಯಾಲೆ ಬಾಯಿ ತೆಗಿ" ಎನ್ನುತ್ತಿದ್ದಳು. ಒಂದು ಮನೆಗೆ ಒಂದೇ ಅಕ್ಷರ. ಶಾಲೆಯ ಮಾಸ್ತರರಿಗಿಂತ ಮೊದಲೇ ನನಗೆ ಅಕ್ಷರ ಎಣಿಸಲು ಕಲಿಸಿದ್ದು ಆ ಮನೆಗಳು. ಯಾವುದಾದರೂ ಪದ ಹೊಳೆಯದೆ ಹೋದರೆ ಆ ಮನೆಗಳನ್ನು ಖಾಲಿ ಬಿಟ್ಟೇ ಕತ್ತರಿ ಆಡಿಸುತ್ತಿದ್ದಳು. ಕಮಲಾಪುರದ ಎಷ್ಟು ಮಂದಿಯ ತೋಳಿನ ಅಳತೆಯಲ್ಲಿ ಅರ್ಧ ತುಂಬಿದ ಪದಬಂಧ ಇತ್ತೋ ದೇವರಿಗೇ ಗೊತ್ತು.

ಈಗ ಚಿಗವ್ವನಿಗೆ ವಯಸ್ಸಾಗಿದೆ. ನನ್ನ ತಮ್ಮ ಕಮಲಾಪುರದಲ್ಲೇ ನೆಲೆಸಿ, ಹೈವೇ ಮಗ್ಗುಲಿಗೆ ಬಾಳೆಹಣ್ಣಿನ ಅಂಗಡಿ ಇಟ್ಟಿದ್ದಾನೆ. ಚಿಗವ್ವ ಅವನ ಮನೆಯಲ್ಲಿ ಮಕ್ಕಳು ಮರಿಗಳ ಗದ್ದಲದ ನಡುವೆ ರಾಜ್ಯಭಾರ ಮಾಡಿಕೊಂಡಿದ್ದಾಳೆ. ಹೊಲಿಗೆ ಬಿಟ್ಟರೂ ಪದಬಂಧ ಬಿಟ್ಟಿರಲಿಲ್ಲ. ಹೋದ ವರ್ಷ ಆಕೆಯ ಕಣ್ಣಿಗೆ ತೊಂದರೆ ಶುರುವಾಯಿತು. ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಗೆ ಕರೆತಂದು ತೋರಿಸಿದೆವು. ಕಣ್ಣಿನ ಹಿಂದಿನ ಪರದೆ ಸವೆದಿದೆ, ನೋಟದ ನಡುಭಾಗ ಮಸುಕಾಗಿದೆ, ಚಷ್ಮಾದಿಂದ ಸರಿಹೋಗುವಂಥದ್ದಲ್ಲ ಎಂದರು ಡಾಕ್ಟರು. ದೊಡ್ಡ ಅಕ್ಷರ, ದಪ್ಪ ಗೆರೆ ಕಾಣುತ್ತದೆ. ಪೇಪರಿನ ಸಣ್ಣಕ್ಷರ ಕಾಣುವುದಿಲ್ಲ.

ಊರಿಗೆ ಹೋದ ಮೇಲೆ ಚಿಗವ್ವ ಪೇಪರು ನಿಲ್ಲಿಸಿಬಿಟ್ಟಳು. ಪೆನ್ಸಿಲನ್ನು ತಮ್ಮನ ಮಗಳಿಗೆ ಕೊಟ್ಟುಬಿಟ್ಟಳು. ಫೋನು ಮಾಡಿದರೆ "ಆರಾಮಿದೀನಿ, ಇಡ್ತೀನಿ" ಎಂದು ಇಟ್ಟುಬಿಡುತ್ತಿದ್ದಳು. ಊರೆಲ್ಲ ಕೇಳುವಂತೆ ಮಾತಾಡುತ್ತಿದ್ದ ಹೆಂಗಸು ಗೋಡೆ ಕಡೆ ಮುಖ ಮಾಡಿ ಮಲಗುತ್ತಾಳೆ ಎಂದು ತಮ್ಮ ಹೇಳಿದ.

ಫೋನಿನಲ್ಲೇ ಪದಬಂಧ ಆಡಿಸಿ ನೋಡಿದೆ.

"ಅಡ್ಡ ಸಾಲು, ನಾಕು ಮನಿ. ಕಾಡಿನಲ್ಲಿ ಇರುವವನು."

"ವನವಾಸಿ."

"ಬರೋಬ್ಬರಿ. ಈಗ ಅದರ ಮೂರನೇ ಮನಿಯಿಂದ ಕೆಳಕ್ಕ..."

"ಯಾವುದರ ಮೂರನೇ ಮನಿ?"

"ವನವಾಸಿದು, ಚಿಗವ್ವ."

"ಅದು ಎಲ್ಲದ? ಮ್ಯಾಲೇನೋ, ನಡುವೇನೋ? ಮನಿ ಕಾಣದೆ ಮನಿಯೊಳಗ ಹೆಂಗ ಹೋಗ್ಲಿ ನಾ? ಸಾಕು ಬಿಡು."

ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ಕಳಿಸಿದೆ. ಮನೆಗಳು ದೊಡ್ಡವಾದವು, ಜೊತೆಗೆ ಮಸಿಯ ಕಲೆಗಳೂ ದೊಡ್ಡವಾದವು. ಕೊನೆಗೆ ಡ್ರಾಯಿಂಗ್ ಹಾಳೆ ತಂದು, ಮಾರ್ಕರ್ ಪೆನ್ನಿನಿಂದ ಅಂಗೈಯಗಲದ ಮನೆಗಳನ್ನು ಗೀಚಿ, ನಾನೇ ಒಂದು ಪದಬಂಧ ಹೆಣೆದು ಒಂದು ಭಾನುವಾರ ಕಮಲಾಪುರಕ್ಕೆ ಒಯ್ದೆ. ಚಿಗವ್ವ ಹಾಳೆಯ ಮೇಲೆ ಬಗ್ಗಿದಳು. ಚಹಾ ಕುದಿಯುವಷ್ಟರಲ್ಲಿ ತುಂಬಿ ಮುಗಿಸಿ ತಲೆ ಎತ್ತಿದಳು. ಮುಖ ಅರಳಿತ್ತು.

"ನಾಳಿಂದು ಎಲ್ಲದ?" ಎಂದಳು.

ನಾಳಿನದು ಇರಲಿಲ್ಲ. ಒಂದನ್ನು ಹೆಣೆಯಲು ನನಗೆ ಒಂದು ವಾರ ಹಿಡಿದಿತ್ತು. ಒಂದು ಕಡೆ ಪದ ಕೂಡಿದರೆ ಇನ್ನೊಂದು ಕಡೆ ಬಿಡುತ್ತಿತ್ತು. ಮರುದಿನ ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಹೇಳಿಕೊಂಡು ಕೂತಿದ್ದಾಗ ಕೇಳಿಸಿಕೊಂಡವರು ಬಿಸಿಎ ವಿಭಾಗದ ನುಸ್ರತ್.

ನುಸ್ರತ್ ನನಗಿಂತ ಬಹಳ ಚಿಕ್ಕವರು, ಮನೆ ಊರಿನ ರೋಜಾ ಬಡಾವಣೆಯಲ್ಲಿ, ದರ್ಗಾದ ಹತ್ತಿರ. ಮನೆಯಲ್ಲಿ ದಖ್ಖನಿ ಉರ್ದು, ಕಾಲೇಜಿನಲ್ಲಿ ಕನ್ನಡ, ಬೋರ್ಡಿನ ಮೇಲೆ ಜಾವಾ. ಮೂರರಲ್ಲೂ ಅವರದು ಒಂದೇ ವೇಗ.

"ಮೇಡಂ, ಪದಬಂಧ ಅಂದ್ರ ಏನ್ರೀ? ಅರೇದೊಳಗ ಸ್ಟ್ರಿಂಗ್ ತುಂಬೋದು, ಅಷ್ಟೇ. ಈ ವಾರ ನಮ್ಮ ಹುಡುಗ್ಯಾರಿಗೆ ಅದೇ ಪಾಠ ಮಾಡಾಕತ್ತೀನಿ. ಬಂದು ಕೂಡ್ರಿ, ನೀವೇ ಬರೀತೀರಿ" ಎಂದರು.

ಹೋಗಿ ಕೂತೆ. ಮೊದಲ ದಿನ ನನಗೆ ತಿಳಿದದ್ದು ಬಹಳ ಕಡಿಮೆ. ಅದಕ್ಕೆ ಒಂದು ಕಾರಣ ನುಸ್ರತ್ ಅವರ ಮಾತಿನ ರೂಢಿ. ಅವರು ಮಾತು ಮಾತಿಗೆ "ಅರೇ!" ಎನ್ನುತ್ತಾರೆ. "ಅರೇ, ಇಲ್ಲಿ ನೋಡ್ರಿ. ಅರೇ ಒಳಗ ಏನದ?" ಎಂದರೆ ಯಾವುದು ಉದ್ಗಾರ, ಯಾವುದು ಪಾಠ ಎಂದು ಬಿಡಿಸಲು ಬರುತ್ತಿರಲಿಲ್ಲ. ನಾನು ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಂಡೆ. ಮುಂದಿನ ಬೆಂಚಿನ ಹುಡುಗಿ ತಿರುಗಿ ನೋಡಿ, "ಮೇಡಂ, ಎರಡನೇ ಅರೇ ಅಷ್ಟೇ ಬರಕೋರಿ" ಎಂದು ಪಿಸುಗುಟ್ಟಿದಳು.

ಅರೇ ಎಂದರೆ ಸಾಲು ಮನೆ. ಒಂದಕ್ಕೊಂದು ಅಂಟಿಕೊಂಡ ಮನೆಗಳು, ಪ್ರತಿ ಮನೆಗೂ ನಂಬರು. ನಂಬರು ಸೊನ್ನೆಯಿಂದ ಶುರು. ಕಟ್ಟುವಾಗಲೇ ಎಷ್ಟು ಮನೆ ಎಂದು ಹೇಳಿಬಿಡಬೇಕು. ಆಮೇಲೆ ಒಂದು ಮನೆಯೂ ಹೆಚ್ಚು ಕೊಡುವುದಿಲ್ಲ. ಇದನ್ನು ನುಸ್ರತ್ ವಿವರಿಸಿದ್ದು ನಮ್ಮೂರಿನ ಟಂಟಂ ಆಟೋದ ಮೂಲಕ. "ಟಂಟಂದಾಗ ಎಷ್ಟ್ ಮಂದಿ ಹಿಡೀತಾರ? ಬಂದಷ್ಟು ಮಂದಿ. ಅರೇ ಹಂಗಲ್ಲ. ಅದು ಸೀಟಿನ ಲೆಕ್ಕ ಬಿಟ್ಟು ಒಬ್ಬರನ್ನೂ ಹತ್ತಸೋದಿಲ್ಲ." ಕಲಬುರಗಿಯಲ್ಲಿ ಬೆಳೆದ ಹುಡುಗಿಯರಿಗೆ ಅಂಥ ಗಾಡಿ ಇರಬಹುದೆಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಸ್ಟ್ರಿಂಗ್ ಎಂದರೆ ಅಕ್ಷರಗಳನ್ನು ಪೋಣಿಸಿದ ದಾರ. ಇದು ನನಗೆ ತಕ್ಷಣ ಹಿಡಿಸಿತು. ನನ್ನ ಕೆಲಸವೇ ಅದು ತಾನೇ! ಎರಡನೇ ವಾರ ಲ್ಯಾಬಿನಲ್ಲಿ ನನಗೂ ಒಂದು ಕಂಪ್ಯೂಟರು ಕೊಟ್ಟರು. ಪದದ ಉದ್ದ ಕೇಳುವುದು ಹೇಗೆಂದು ನುಸ್ರತ್ ತೋರಿಸಿದರು. ಮೊದಲ ಪದ ಯಾವುದಿರಬೇಕೆಂದು ನಾನು ಯೋಚಿಸಲೇ ಇಲ್ಲ. 'ಕಮಲಾಪುರ' ಎಂದು ಬರೆದು ಬಟನ್ ಒತ್ತಿದೆ.

ಏಳು ಎಂದಿತು ಕಂಪ್ಯೂಟರು.

"ನುಸ್ರತ್, ನಿಮ್ಮ ಮಷಿನ್ ಕೆಟ್ಟದ ನೋಡ್ರಿ" ಎಂದೆ. ಕ, ಮ, ಲಾ, ಪು, ರ. ಐದು. ಬೆರಳು ಮಡಚಿ ತೋರಿಸಿದೆ. 'ಕಲಬುರಗಿ' ಬರೆದೆ. ಅದಕ್ಕೂ ಏಳು! 'ಚಿಗವ್ವ' ಎಂದು ಬರೆದರೆ ಆರು. ಮೂರಕ್ಷರದ ನಮ್ಮ ಚಿಗವ್ವನನ್ನು ಇಷ್ಟು ಉದ್ದ ಎಳೆದ ಮೇಲೆ ನನಗೆ ಸಿಟ್ಟೇ ಬಂತು. ಹುಡುಗಿಯರು ತಮ್ಮ ಕೆಲಸ ಬಿಟ್ಟು ನನ್ನ ಸುತ್ತ ನೆರೆದರು.

ನುಸ್ರತ್ ಬಂದು ಪದವನ್ನು ಒಂದೊಂದೇ ತುಂಡಾಗಿ ಕೆಳಗಿಳಿಸಿ ತೋರಿಸಿದರು. ಕ. ಮ. ಲ. ಅದರ ಕೆಳಗೆ, ಯಾರೂ ದಿಕ್ಕಿಲ್ಲದಂತೆ, ಒಂದು ದೀರ್ಘ. ಆಮೇಲೆ ಪ. ಅದರ ಕೆಳಗೆ ಒಂಟಿ ಕೊಂಬು. ಕೊನೆಗೆ ರ.

"ಜಾವಾದ ಲೆಕ್ಕದಾಗ ಪ ಬ್ಯಾರೆ, ಅದರ ಕೊಂಬು ಬ್ಯಾರೆ ರೀ ಮೇಡಂ. ಎರಡಕ್ಕೂ ಒಂದೊಂದ ಮನಿ."

ಹುಡುಗಿಯೊಬ್ಬಳು ಕಮಲಾಪುರವನ್ನು ತಿರುಗುಮುರುಗು ಮಾಡಿ ನೋಡೋಣವೆಂದಳು. ಮಾಡಿದರೆ 'ರುಪಾಲಮಕ' ಎಂದು ಬಂತು. ಪುವಿನ ಕೊಂಬು ಹೋಗಿ ರಕ್ಕೆ ಸಿಕ್ಕಿಕೊಂಡಿತ್ತು, ಲಾದ ದೀರ್ಘವನ್ನು ಪ ಎಳೆದುಕೊಂಡಿತ್ತು. ನನ್ನ ಹೆಸರು ವಿಜಯಾ. ಅದನ್ನು ತಿರುಗಿಸಿದರೆ ದೀರ್ಘವೊಂದು ಎಲ್ಲರಿಗಿಂತ ಮುಂದೆ ಬಂದು, ಹಿಡಿದುಕೊಳ್ಳಲು ಯಾರೂ ಇಲ್ಲದೆ ಕಂಪ್ಯೂಟರು ಹಾಕಿಕೊಟ್ಟ ಒಂದು ಚುಕ್ಕಿಯ ವೃತ್ತಕ್ಕೆ ಜೋತುಬಿದ್ದಿತ್ತು. ಲ್ಯಾಬಿಗೆ ಲ್ಯಾಬೇ ನಕ್ಕಿತು. ಆ ದಿನ ಎಲ್ಲರೂ ತಂತಮ್ಮ ಹೆಸರನ್ನು ಹಿಂದುಮುಂದು ಮಾಡಿ ಕರೆದುಕೊಂಡರು. ಪಾಠ ಮುಂದೆ ಹೋಗಲಿಲ್ಲ.

ಮನೆಗೆ ಬಂದು ಬೇಳೆ ಕುದಿಯಲು ಇಟ್ಟು ಯೋಚಿಸಿದೆ. ಕಂಪ್ಯೂಟರಿನದು ಪೂರ್ತಿ ತಪ್ಪೇನೂ ಅಲ್ಲ. ವ್ಯಂಜನಕ್ಕೆ ಸ್ವರ ಕೂಡಿ ಗುಣಿತಾಕ್ಷರ ಆಗುತ್ತದೆ ಎಂದು ನಾನೇ ಪ್ರತಿ ವರ್ಷ ಗಂಟಲು ಹರಿದುಕೊಂಡು ಹೇಳುತ್ತೇನೆ. ಅದು ಬಿಡಿಸಿ ಇಟ್ಟಿದೆ, ಕೂಡಿಸಲು ಬರುವುದಿಲ್ಲ, ಅಷ್ಟೇ. ಕೂಡಿಸುವುದನ್ನು ಹೇಳಿಕೊಡಬೇಕು.

ಅಲ್ಲಿಂದ ನಮ್ಮಿಬ್ಬರ ಜೋಡಿ ಕೆಲಸ ಶುರುವಾಯಿತು. ನಾನು ವ್ಯಾಕರಣ ಹೇಳುವುದು, ನುಸ್ರತ್ ಅದನ್ನು ಜಾವಾಕ್ಕೆ ತರುವುದು. ಸ್ವರದ ಗುರುತು ಬಂದರೆ ಹೊಸ ಮನೆ ಕೊಡಬೇಡಿ, ಹಿಂದಿನ ವ್ಯಂಜನದ ಮನೆಗೆ ಕಳಿಸಿ. ಅನುಸ್ವಾರದ ಸೊನ್ನೆ, ವಿಸರ್ಗಕ್ಕೂ ಅದೇ ಮಾತು. ಅರ್ಧಾಕ್ಷರ ಬಂದರೆ ಮುಂದಿನ ವ್ಯಂಜನವನ್ನು ಒಳಗೆ ಕರೆಯಿರಿ, ಅದು ಒತ್ತಾಗಿ ಕೂರುತ್ತದೆ. ಮುಂದೆ ಯಾರೂ ಇಲ್ಲದಿದ್ದರೆ? ಈ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. 'ಜಂಪರ್' ಎಂಬ ಪದ ಕೊಟ್ಟಾಗ ಕಂಪ್ಯೂಟರು ಕೊನೆಯ ಅರ್ಧಾಕ್ಷರದ ಮುಂದೆ ಇನ್ನೊಂದು ವ್ಯಂಜನ ಹುಡುಕಿಕೊಂಡು ಹೋಗಿ, ಕೆಂಪಕ್ಷರದಲ್ಲಿ ಗಟ್ಟಿಯಾಗಿ ಕೂಗಿಕೊಂಡಿತು. "ಇಲ್ಲದ ಮನಿ ಕದ ಬಡದೀವ್ರೀ" ಎಂದು ನುಸ್ರತ್ ಹಣೆ ಬಡಿದುಕೊಂಡರು.

ಅದನ್ನು ತಿದ್ದಿದ ಮೇಲೆ 'ಕಮಲಾಪುರ' ಎಂದು ಕೊಟ್ಟೆವು. ಕ, ಮ, ಲಾ, ಪು, ರ. ಐದು ಮನೆ, ಐದೇ ಅಕ್ಷರ. ಹುಡುಗಿಯರು ಚಪ್ಪಾಳೆ ತಟ್ಟಿದರು. ನನಗೆ ಹಳೆಯ ಮನೆಗೆ ಹೊಸದಾಗಿ ಸುಣ್ಣ ಬಳಿದಷ್ಟು ಸಂತೋಷವಾಯಿತು.

ಆದರೂ ಪದಬಂಧ ಆಗಲಿಲ್ಲ. ಪದಗಳು ಒಂದನ್ನೊಂದು ಹಾಯುತ್ತಲೇ ಇರಲಿಲ್ಲ. 'ಕಮಲ'ದ ಮ ಇದೆ, 'ಮರ'ದ ಮ ಇದೆ, ಎರಡೂ ಒಂದೇ ಎಂದು ಕಂಪ್ಯೂಟರಿಗೆ ತಿಳಿಯದು. ನುಸ್ರತ್ ನಾನು ಬರೆದ ಸಾಲನ್ನು ನೋಡಿ ನಗತೊಡಗಿದರು.

"ಮೇಡಂ, ನಿಮ್ಮ ವಾರಗಿತ್ತಿ ಹತ್ರ ನಿಮ್ಮಂಥದೇ ಸೀರಿ ಅದೇನು?"

ನಮ್ಮ ಮೈದುನನ ಹೆಂಡತಿ ಬಳಿ ಇತ್ತು. ಅದೇ ಬಣ್ಣ, ಅದೇ ಅಂಚು, ಒಂದೇ ಅಂಗಡಿಯಲ್ಲಿ ಒಂದೇ ದಿನ ತೆಗೆದದ್ದು.

"ಇದು ಅದೇ ಸೀರಿ ಏನು ಅಂತ ಕೇಳಿದ್ರ ಏನಂತೀರಿ? ಅಲ್ಲ, ಅದು ಆಕಿದು, ಇದು ನಂದು. ಅದರಂಥ ಸೀರಿ ಏನು ಅಂದ್ರ? ಹೌದು. ನೀವು ಜಾವಾಕ್ಕ ಅದೇ ಏನು ಅಂತ ಕೇಳೀರಿ. ಅಂಥದೇ ಏನು ಅಂತ ಕೇಳ್ರಿ."

ಎರಡು ಸಮಚಿಹ್ನೆ ಹಾಕಿದರೆ ಒಂದು ಪ್ರಶ್ನೆ, 'ಈಕ್ವಲ್ಸ್' ಎಂದು ಕೇಳಿದರೆ ಇನ್ನೊಂದು ಪ್ರಶ್ನೆ. ಆ ಒಂದು ಪದ ಬದಲಿಸಿದ ಕೂಡಲೇ ಪರದೆಯ ಮೇಲೆ ಪದಗಳು ಅಡ್ಡ, ಉದ್ದ ಹೆಣೆದುಕೊಂಡು ನಿಂತವು. ಮಷಿನ್ನಿನಿಂದ ಹೊಲಿಗೆ ಇಳಿದುಬಂದಂತೆ ಕಂಡಿತು ನನಗೆ.

ಪ್ರಿಂಟಿಂಗ್ ಅಂಗಡಿಯಲ್ಲಿ ದೊಡ್ಡ ಹಾಳೆಯ ಮೇಲೆ ಹಾಕಿಸಿ, ಒಂದು ಭಾನುವಾರ ನಾನೂ ನುಸ್ರತ್ತೂ ಕಮಲಾಪುರದ ಬಸ್ಸು ಹತ್ತಿದೆವು. ನುಸ್ರತ್ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಕೂಸಿನಂತೆ ಹಿಡಿದಿದ್ದರು.

ಚಿಗವ್ವ ಜಗಲಿಯ ಮೇಲೆ ಕೂತಿದ್ದಳು. ನುಸ್ರತ್ ಯಾರು, ಎಲ್ಲಿಯವರು ಎಂದು ಹೇಳಿ, ಹಾಳೆಯನ್ನು ಹರಡಿ, ಕೈಗೆ ಮಾರ್ಕರ್ ಕೊಟ್ಟೆ. ಸುಳಿವುಗಳನ್ನೂ ದೊಡ್ಡಕ್ಷರದಲ್ಲೇ ಹಾಕಿಸಿದ್ದೆ. ಚಿಗವ್ವ ಬೆರಳಿಂದ ಗೆರೆಗಳನ್ನು ಸವರಿದಳು. ಒಂದು ಪದ ತುಂಬಿದಳು. ಇನ್ನೊಂದು ತುಂಬಿದಳು. ಮೂರನೆಯದನ್ನು ಅರ್ಧಕ್ಕೆ ಬಿಟ್ಟು ಮಾರ್ಕರಿನ ಮುಚ್ಚಳ ಹಾಕಿದಳು.

ನಾನು ಹಾಳೆಯನ್ನು ಆಕೆಯ ಹತ್ತಿರ ಸರಿಸಿದೆ. "ಕಾಣವಲ್ದೇನು ಚಿಗವ್ವ?"

"ಕಾಣ್ತದ. ಛಲೋ ಕಾಣ್ತದ."

"ಮತ್ತ?"

"ಇದು ಯಾರ ಮಾತವ್ವ ವಿಜಿ? ಮರಾಳ, ಕಾಸಾರ, ಪಲ್ಲವ. ಮರಾಳ ಅಂದ್ರ ಹಂಸ, ಗೊತ್ತದ ನನಗ. ಕಮಲಾಪುರದಾಗ ಹಂಸ ಯಾರ್ ನೋಡ್ಯಾರ? ನಿನ್ನ ಪರೀಕ್ಷಾದ ಪ್ರಶ್ನೆಪತ್ರಿಕೆ ತಂದು ನನ್ನ ಮುಂದ ಇಟ್ಟಂಗದ. ಇದರಾಗ ಉಪ್ಪಿಲ್ಲ, ಖಾರಿಲ್ಲ."

ನಾನು ಪದಗಳನ್ನು ಆಯ್ದದ್ದು ನನ್ನ ಪಾಠದ ಪುಸ್ತಕಗಳಿಂದ. ಕಂಪ್ಯೂಟರಿಗೆ ವ್ಯಾಕರಣ ಕಲಿಸುವ ಹುಮ್ಮಸ್ಸಿನಲ್ಲಿ ಪದ ಯಾರಿಗಾಗಿ ಎಂಬುದನ್ನೇ ಮರೆತಿದ್ದೆ. ನಾನು ಪೆಚ್ಚಾಗಿ ಕೂತಿದ್ದರೆ, ನುಸ್ರತ್ ಮಾತ್ರ ಸದ್ದಿಲ್ಲದೆ ಲ್ಯಾಪ್‌ಟಾಪ್ ತೆರೆದರು.

"ಹಂಗಾದ್ರ ನೀವೇ ಹೇಳ್ರಿ ಚಿಗವ್ವ. ಯಾವ್ಯಾವ ಪದ ಹಾಕ್ಲಿ?"

ನನ್ನ ಚಿಗವ್ವನನ್ನು ನುಸ್ರತ್ ಕೂಡ ಚಿಗವ್ವ ಎಂದದ್ದು ಆಕೆಗೆ ಬಹಳ ಹಿಡಿಸಿತು. ಕಾಲು ಮಡಚಿ ನೆಟ್ಟಗೆ ಕೂತಳು.

"ಬರಕೋ ತಂಗಿ. ಪುಂಡಿಪಲ್ಯ. ಸಜ್ಜಿ ರೊಟ್ಟಿ. ಜಂಪರು. ಬಾಬಿನ್. ಗುಂಡಿ. ಕಾಜಾ."

ಪದಗಳು ಒಂದರ ಹಿಂದೊಂದು ಬಂದವು. ಅಡುಗೆ ಮನೆಯಿಂದ ನನ್ನ ತಮ್ಮನ ಹೆಂಡತಿ ನಾಲ್ಕು ಪದ ಕೂಗಿದಳು. ಪಕ್ಕದ ಮನೆಯವರು ಬಂದು ಜಗಲಿಯ ಅಂಚಿಗೆ ಕೂತರು. ಬರೆದು ಬರೆದು ನುಸ್ರತ್ ಒಮ್ಮೆ "ಅರೇ!" ಎಂದರು. ಈ ಸಲ ಅದು ಉದ್ಗಾರವೂ ಹೌದು, ಪಾಠವೂ ಹೌದು. ನಾವು ಪದಗಳಿಗೆಂದು ಕಟ್ಟಿದ್ದ ಸಾಲು ಮನೆಗಳೆಲ್ಲ ತುಂಬಿಹೋಗಿದ್ದವು.

"ಇದು ಬ್ಯಾಡ ಮೇಡಂ. ಅರೇಲಿಸ್ಟ್ ಅಂತ ಇನ್ನೊಂದ ಅದ, ಬಂದಂಗ ಬಂದಂಗ ಹಿಗ್ಗತದ. ಚಿಗವ್ವಗ ಅದೇ ಬೇಕು" ಎಂದು ಅಲ್ಲೇ ಕೂತು ಬದಲಿಸಿದರು.

"ಖರೇ" ಎಂದಳು ಚಿಗವ್ವ, ಪದಗಳ ಸರತಿಯಲ್ಲಿ. "ಜರಾ. ಜಲ್ದಿ."

ನುಸ್ರತ್ ಕೈ ನಿಲ್ಲಿಸಿ ನಕ್ಕರು. "ಚಿಗವ್ವ, ಜರಾ, ಜಲ್ದಿ ನಮ್ಮ ಮಾತು ರೀ. ಕನ್ನಡ ಪದಬಂಧದಾಗ ಹಾಕ್ಲೇನು?"

"ನಿಮ್ಮದೂ ಹೌದು, ನಮ್ಮದೂ ಹೌದು. ಹುಟ್ಟಿದಾಗಿಂದ ಆಡಾಕತ್ತೀನಿ, ಈಗ ಯಾರಿಗೆ ಹೊಳ್ಳಿ ಕೊಡ್ಲಿ? ಎರಡು ಮನಿ ಕೊಡು, ಬರಿ."

ವಿಭಾಗದ ಮೀಟಿಂಗಿನಲ್ಲಿ ನಾವು ಗಂಟೆಗಟ್ಟಲೆ ವಾದಿಸುವ ವಿಷಯ ಅಲ್ಲಿ ಅಷ್ಟರಲ್ಲೇ ಮುಗಿಯಿತು. ಹೊರಡುವಾಗ ತಮ್ಮ ನುಸ್ರತ್ ಅವರಿಗೆ ಎತ್ತಲಾರದಷ್ಟು ಕೆಂಪು ಬಾಳೆಹಣ್ಣು ಕೊಟ್ಟ. ಬಸ್ಸಿನಲ್ಲಿ ಲ್ಯಾಪ್‌ಟಾಪು ನನ್ನ ತೊಡೆಗೆ ಬಂತು, ಬಾಳೆಹಣ್ಣು ಅವರ ತೊಡೆಗೆ ಹೋಯಿತು.

ಆಮೇಲೆ ಕಮಲಾಪುರಕ್ಕೆ ಪದಬಂಧಗಳು ಹೋಗತೊಡಗಿದವು. ತಮ್ಮ ಅಂಗಡಿಗೆ ಸಾಮಾನು ತರಲು ಬಂದಾಗ ಒಂದು ಕಟ್ಟು ಒಯ್ಯುತ್ತಿದ್ದ. ಚಿಗವ್ವನ ಫೋನುಗಳು ಮೊದಲಿನ ಉದ್ದಕ್ಕೆ ಬಂದವು. "ನಿನ್ನಿ ಮೂರನೇ ಸುಳಿವು ಭಾಳ ಸಪ್ಪಗಿತ್ತು", "ಪಕ್ಕದ ಮನ್ಯಾಕಿ ತಪ್ಪು ಬರದು ನನ್ನ ಹಾಳಿ ಕೆಡಿಸಿದಳು" ಎಂದು ದೂರುಗಳ ಮೇಲೆ ದೂರು. ಆಕೆ ದೂರುತ್ತಿದ್ದಾಳೆ ಎಂದರೆ ಸುಖವಾಗಿದ್ದಾಳೆ ಎಂದರ್ಥ.

ಹೋದ ಗುರುವಾರ ಸ್ಟಾಫ್ ರೂಮಿನಲ್ಲಿ ನುಸ್ರತ್ ನನ್ನ ಮುಂದೆ ಒಂದು ಹಾಳೆ ಇಟ್ಟರು. ಪದಬಂಧ. "ನಿಮಗ ಬಂದದ ಮೇಡಂ. ಕಮಲಾಪುರದಿಂದ."

ಚಿಗವ್ವ ನನಗೆ ತಿಳಿಯದಂತೆ ಅವರಿಗೆ ಫೋನು ಮಾಡಿ, ಪದಗಳನ್ನೂ ಸುಳಿವುಗಳನ್ನೂ ಹೇಳಿ ಬರೆಸಿದ್ದಳು. ಸುಳಿವುಗಳನ್ನು ನುಸ್ರತ್ ಒಂದಕ್ಷರವೂ ಬದಲಿಸದೆ ಹಾಗೇ ಇಟ್ಟಿದ್ದರು. ಓದಿದರೆ ಚಿಗವ್ವನ ದನಿಯೇ ಕೇಳುತ್ತಿತ್ತು. ಮೊದಲನೆಯದೇ, 'ವಿಜಿ ಸಣ್ಣಾಕಿದ್ದಾಗ ನುಂಗಿದ್ದು, ಮರುದಿನ ಹೊರಗ ಬಂದಿದ್ದು. ಎರಡು ಮನಿ.' ಪಕ್ಕದಲ್ಲಿ ಕೂತ ಇತಿಹಾಸದ ಮೇಡಂ ಕುತೂಹಲದಿಂದ ಬಗ್ಗಿ ನೋಡಿದರು. ನಾನು ಕೈ ಮರೆಮಾಡಿ 'ಗುಂಡಿ' ಎಂದು ತುಂಬಿದೆ.

ಕನ್ನಡದ ಉಪನ್ಯಾಸಕಿ ಎಂಬ ಬಿಗುಮಾನದಲ್ಲಿ ಸರಸರನೆ ಮುಂದೆ ಹೋದೆ. 'ನಾ ಹಡದಿಲ್ಲ, ಆದ್ರ ನಂದೇ. ಮೂರು ಮನಿ.' ಮೊದಲ ಮನೆಯಲ್ಲಿ ಆಗಲೇ ಮ ಬಂದು ಕೂತಿತ್ತು. ಮ-ಷಿ-ನ್. ಚಿಗವ್ವನ ಬಾಳಿನ ತುಂಬ ಆಕೆಯದೇ ಆಗಿದ್ದದ್ದು ಇನ್ನೇನು? ಬರೆದೆ. ಅದರ ಕೊನೆಯ ಮನೆಯಲ್ಲಿ ಹಾಯುವ ಪದದ ಸುಳಿವು, 'ಸೇಡಂ ರಸ್ತೆದಾಗ ಪುಕ್ಕಟೆ ಸಿಗೋದು. ಎರಡು ಮನಿ.' ಧೂಳು ಎಂದು ದಿನಾ ಅದೇ ರಸ್ತೆಯಲ್ಲಿ ಬರುವ ನನ್ನ ಸೀರೆಯೇ ಹೇಳುತ್ತಿತ್ತು. ಆದರೆ ಮಷಿನ್ನಿನ ನ್ ಇರುವ ಕಡೆ ಧೂಳಿನ ಳು ಕೂರದು. ಎರಡು ಸಲ ನೋಡಿದೆ. ಕಮಲಾಪುರಕ್ಕೆ ಫೋನು ಹಚ್ಚಿದೆ.

"ನಿನ್ನ ಪದಬಂಧ ತಪ್ಪದ ಚಿಗವ್ವ."

"ನಂದು ತಪ್ಪಿಲ್ಲ. ನೀ ಏನ್ ಬರದಿ?"

"ನಾ ಹಡದಿಲ್ಲ ಆದ್ರ ನಂದೇ ಅಂದಿಯಲ್ಲ, ಅದಕ್ಕ ಮಷಿನ್ ಅಂತ ಬರದೀನಿ. ಧೂಳು ಕೂಡವಲ್ದು."

ಚಿಗವ್ವ ನಗಲು ಶುರುಮಾಡಿದಳು. ನಕ್ಕು ನಕ್ಕು ಕೆಮ್ಮಿದಳು. "ಮಷಿನ್ ಯಾರ್ ಹಡೀತಾರ ಹುಚ್ಚಿ? ಕಾಲೇಜಿನಾಗ ಪಾಠ ಮಾಡ್ತಾಳಂತ ಈಕಿ! ಧೂಳು ಹಂಗೇ ಇಡು, ಮಷಿನ್ ಅಳಸು, ಆಮ್ಯಾಲೆ ನೋಡು."

ನುಸ್ರತ್ ನನ್ನ ಕಡೆ ನೋಡದೆ ಕಿಟಕಿಯ ಆಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ನಾನು ರಬ್ಬರಿನಿಂದ ಷಿ, ನ್ ಅಳಿಸಿದೆ. ಮೊದಲ ಮನೆಯಲ್ಲಿ ಮ, ಕೊನೆಯ ಮನೆಯಲ್ಲಿ ಳು. ನಡುವೆ ಒಂದೇ ಖಾಲಿ ಮನೆ.

ಗ ಎಂದು ಬರೆಯಲು ನನಗೆ ಇಡೀ ವರ್ಣಮಾಲೆ ಬರೆಯುವಷ್ಟು ಹೊತ್ತು ಬೇಕಾಯಿತು.

"ಸಿಕ್ತೇನು?" ಎಂದಳು ಚಿಗವ್ವ ಫೋನಿನಲ್ಲಿ.

"ಹೂಂ."

"ಮತ್ತ ಸುಮ್ಮನ ಯಾಕ ಕುಂತಿ? ಕೆಳಗಿನ ಸಾಲು ಹಂಗೇ ಬಿದ್ದಾವ, ತುಂಬು ಜಲ್ದಿ."